ಕಾವು ಇಳಿಯುವ ಹೊತ್ತು

ಇಂಗ್ಲಿಷ್ ಮೇಷ್ಟ್ರಾಗಿ ನಾನು ಕಲಿಸಿದ ವ್ಯಾಕರಣದಲ್ಲೆಲ್ಲ ನನಗೆ ಹೆಚ್ಚು ಪ್ರಿಯವಾದ ಪಾಠ ಫ್ರೇಸಲ್ ವರ್ಬ್. ಗಿವ್, ಟೇಕ್, ಪುಟ್, ಲುಕ್ ಎಂಬಂಥ ಪುಟ್ಟ ಕ್ರಿಯಾಪದಗಳು. ಅವುಗಳ ಬೆನ್ನಿಗೆ ಅಪ್, ಡೌನ್, ಆಫ್, ಔಟ್ ಎಂಬ ಇನ್ನೂ ಪುಟ್ಟ ಪದ ಬಂದು ನಿಂತರೆ ಅರ್ಥ ಬೇರೆಯೇ ದಿಕ್ಕಿಗೆ ಹೊರಳುತ್ತದೆ. ಮಕ್ಕಳು ಇದಕ್ಕೆ ಹೆದರುತ್ತಾರೆ. ಹೆದರುವುದು ಸಹಜ. 1755ರಲ್ಲಿ ತನ್ನ ದೊಡ್ಡ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರಭಾಷಿಕರನ್ನು ಇಂಗ್ಲಿಷಿನಲ್ಲಿ ಅತಿ ಹೆಚ್ಚು ಕಾಡುವುದು ಈ ಜೋಡಿಪದಗಳೇ ಎಂದು ಮುನ್ನುಡಿಯಲ್ಲಿ ಬರೆದಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು ಬಹಳ ಮುಂದೆ, 1925ರಲ್ಲಿ ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದ ಹೆಸರು ಅದು ಎಂದು ಸ್ಮಿತ್ ಅಲ್ಲೇ ಹೇಳಿಕೊಂಡಿದ್ದಾನೆ.

ಈ ಜೋಡಿಪದಗಳ ರಾಶಿಯಲ್ಲಿ ಒಂದು ಮಾತ್ರ ನನ್ನನ್ನು ತರಗತಿಯಿಂದ ಹೊರಗೆ ಎಳೆದುಕೊಂಡು ಹೋಯಿತು. ಅದು ಕೂಲ್ ಡೌನ್. ಅದರ ಜೊತೆಗೇ ಬರುವ ಒಡಹುಟ್ಟು ಕೂಲ್ ಆಫ್. ಎರಡೂ ಕಾವು ಇಳಿಯುವುದನ್ನು ಹೇಳುವ ಮಾತುಗಳೇ. ಕಲಿಸುತ್ತ ಕಲಿಸುತ್ತ, ಕಾವು ಇಳಿಯುವುದೆಂದರೆ ಏನು, ಅದನ್ನು ಇಳಿಸುವವರು ಏನು ಮಾಡಬೇಕು ಎಂಬುದನ್ನು ನಾನು ಹಲವರಿಂದ ಕಲಿತೆ. ಆ ಕಲಿಕೆಯ ನೆನಪು ಇದು.

ನಾನಿದ್ದದ್ದು ರಾಯಚೂರಿನ ಪದವಿಪೂರ್ವ ಕಾಲೇಜಿನಲ್ಲಿ. ಕೃಷ್ಣೆ, ತುಂಗಭದ್ರೆಯರ ನಡುವಿನ ದೋಆಬ್ ಸೀಮೆ. ನದಿ ಎರಡಿದ್ದರೂ ಬಿಸಿಲಿಗೆ ಹೆಸರಾದ ಊರು. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಜೂನ್‌ನಲ್ಲಿ ಕಾಲೇಜು ತೆರೆದಾಗಲೂ ಝಳ ಪೂರ್ತಿ ಇಳಿದಿರುತ್ತಿರಲಿಲ್ಲ. ಮಾನ್ವಿ, ದೇವದುರ್ಗ, ಲಿಂಗಸೂಗೂರು ಕಡೆಯಿಂದ ಬರುವ ಮಕ್ಕಳು, ಬಹುಪಾಲು ಕನ್ನಡ ಮಾಧ್ಯಮದವರು, ಬೆವರು ಒರೆಸಿಕೊಳ್ಳುತ್ತ ಕೂಡುತ್ತಿದ್ದರು. ಹೀಗಾಗಿ ಫ್ರೇಸಲ್ ವರ್ಬ್ ಪಾಠವನ್ನು ನಾನು ಕೂಲ್ ಡೌನ್‌ನಿಂದಲೇ ಶುರುಮಾಡುತ್ತಿದ್ದೆ. ಮಕ್ಕಳಿಗೆ ಮೈಯಿಂದ ಗೊತ್ತಿರುವ ಸಂಗತಿಯನ್ನು ಹೇಳುವ ಪದ ಬೇಗ ಹತ್ತುತ್ತದೆ.

“ನಿಮ್ಮ ಮನೆಯೊಳಗೆ ಏನೇನು ಕೂಲ್ ಡೌನ್ ಆಗ್ತದ, ವಾಕ್ಯ ಮಾಡಿ ಹೇಳ್ರಿ” ಎನ್ನುತ್ತಿದ್ದೆ. ಚಹಾ, ಅನ್ನ, ಬೈಕಿನ ಇಂಜಿನ್, ಪತ್ರಾಸಿನ ಚಾವಣಿ, ಹೀಗೆ ವಾಕ್ಯಗಳು ಬರುತ್ತಿದ್ದವು. ಮಾನ್ವಿ ಕಡೆಯ ಹುಡುಗಿಯೊಬ್ಬಳು ಒಂದು ಸಲ ಎದ್ದು ನಿಂತು, ತನ್ನ ತಾಯಿ ನೀರಿನ ಹರವಿಗೆ ಹಸಿ ಅರಿವೆ ಸುತ್ತುತ್ತಾಳೆ, ಆ ಅರಿವೆ ನೀರನ್ನು ಕೂಲ್ ಡೌನ್ ಮಾಡುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ವಾಕ್ಯ ಸರಿಯಾಗಿತ್ತು. ಆದರೆ ಪಕ್ಕದ ಹುಡುಗನಿಗೆ ಅನುಮಾನ: “ಅರಿವಿ ಹೆಂಗ ತಂಪು ಮಾಡ್ತದ್ರೀ ಸರ?” ನಾನು ಭೌತಶಾಸ್ತ್ರದ ಮೇಷ್ಟ್ರನ್ನು ತರಗತಿಗೆ ಕರೆತಂದೆ. ಅವರು ಬೋರ್ಡಿನ ಮೇಲೆ ಎರಡು ಅಂಕಿ ಬರೆದರು. ಒಂದು ಕಿಲೋ ನೀರನ್ನು ಒಂದು ಡಿಗ್ರಿ ತಣ್ಣಗೆ ಮಾಡಲು ಅದರಿಂದ 4.2 ಕಿಲೋಜೂಲ್ ಶಾಖ ತೆಗೆದರೆ ಸಾಕು. ಅದೇ ಒಂದು ಕಿಲೋ ನೀರು ಆವಿಯಾಗಿ ಹೋಗಬೇಕಾದರೆ ಸುಮಾರು 2,400 ಕಿಲೋಜೂಲ್ ಶಾಖವನ್ನು ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಅಂದರೆ ಹರವಿಯ ಮೈಯಿಂದ ಜಿನುಗಿ ಆರಿಹೋಗುವ ಒಂದು ಬೊಗಸೆ ನೀರು, ಒಳಗೆ ಉಳಿದ ಅಷ್ಟೂ ನೀರಿನ ಕಾವನ್ನು ತಾನು ಹೊತ್ತುಕೊಂಡು ಹೋಗುತ್ತದೆ. ರಾಯಚೂರಿನ ಒಣಹವೆಯಲ್ಲಿ ಇದು ಚೆನ್ನಾಗಿ ನಡೆಯುತ್ತದೆ, ಮಂಗಳೂರಿನ ಒದ್ದೆ ಹವೆಯಲ್ಲಿ ಅಷ್ಟಾಗಿ ನಡೆಯುವುದಿಲ್ಲ ಎಂದೂ ಅವರು ವಿವರಿಸಿದರು. ಹರವಿ ಹಳೆಯದಾಗಿ ಅದರ ಸೂಕ್ಷ್ಮರಂಧ್ರಗಳು ಮುಚ್ಚಿಹೋದರೆ ನೀರು ತಂಪಾಗುವುದಿಲ್ಲ. ಅದಕ್ಕೇ ನಮ್ಮ ಹೆಣ್ಣುಮಕ್ಕಳು ಬೇಸಿಗೆ ಬರುತ್ತಲೇ ಹೊಸ ಹರವಿ ತರುತ್ತಾರೆ.

ಇಂಗ್ಲಿಷ್ ಪಾಠದ ನಡುವೆ ಭೌತಶಾಸ್ತ್ರ ಬಂದದ್ದಕ್ಕೆ ಮಕ್ಕಳಿಗೂ ಖುಷಿ, ನನಗೂ ಖುಷಿ. ಕಾವು ಸುಮ್ಮನೆ ಮಾಯವಾಗುವುದಿಲ್ಲ, ಯಾವುದೋ ಒಂದು ಅದನ್ನು ಹೊತ್ತು ಹೊರಗೆ ಒಯ್ಯಬೇಕು ಎಂಬ ಮಾತು ಅಂದು ಕಿವಿಯಲ್ಲಿ ಉಳಿಯಿತು.

ವ್ಯಾಕರಣದ ಕಡೆಯಿಂದ ಈ ಪದದಲ್ಲಿ ಕಲಿಸಬೇಕಾದದ್ದು ಬಹಳವೇನಿಲ್ಲ. ಚಹಾ ತಾನೇ ತಣ್ಣಗಾದರೂ ಕೂಲ್ ಡೌನ್, ನಾವು ಅದನ್ನು ತಣ್ಣಗೆ ಮಾಡಿದರೂ ಕೂಲ್ ಡೌನ್. ‘ಕೂಲ್ ಡೌನ್ ದ ಮಿಲ್ಕ್’ ಎಂದರೂ ಸರಿ, ‘ಕೂಲ್ ದ ಮಿಲ್ಕ್ ಡೌನ್’ ಎಂದರೂ ಸರಿ. ಹಾಲಿನ ಬದಲು ‘ಇಟ್’ ಬಂದಾಗ ಮಾತ್ರ ಅದು ನಡುವೆಯೇ ಕೂಡಬೇಕು. ‘ಕೂಲ್ ಇಟ್ ಡೌನ್’ ಎನ್ನಬೇಕೇ ಹೊರತು ‘ಕೂಲ್ ಡೌನ್ ಇಟ್’ ಎನ್ನುವಂತಿಲ್ಲ. ನಾಲ್ಕು ಸಲ ಬಾಯಲ್ಲಿ ಹೇಳಿಸಿದರೆ ಇದು ಕೂತುಬಿಡುತ್ತದೆ.

ಹೆಚ್ಚು ಹೊತ್ತು ಬೇಡುವುದು ಡೌನ್ ಮತ್ತು ಆಫ್‌ಗಳ ನಡುವಿನ ಸೂಕ್ಷ್ಮ. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ನಾನು ತರಬೇತಿಗೆ ಹೋಗಿದ್ದಾಗ, ಅಲ್ಲಿನ ಹಿರಿಯ ಉಪನ್ಯಾಸಕರೊಬ್ಬರು ಹಾರ್ನ್‌ಬಿಯ ನಿಘಂಟನ್ನು ಕೈಯಲ್ಲಿ ಹಿಡಿದು ಪಾಠ ಮಾಡುತ್ತಿದ್ದರು. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸಿದವರು. ಅವರ ನಿಘಂಟು ಮೊದಲು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಅದನ್ನು ಹೊರತಂದ ಮೇಲೆ ಲೋಕವೆಲ್ಲ ಹಬ್ಬಿತು. ಪರಭಾಷೆಯವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ನೋಡಿ ನೋಡಿ ಕಟ್ಟಿದ ಪುಸ್ತಕ ಅದಾದ್ದರಿಂದ ನಮ್ಮಂಥವರಿಗೆ ಅದು ಹತ್ತಿರದ್ದು. ಒಂಟಿ ಪದವನ್ನು ಬಿಡಿಯಾಗಿ ಕಲಿಸಬೇಡಿ, ಅದರ ಕುಟುಂಬವನ್ನು ಕಲಿಸಿ ಎಂಬುದು ಆ ಉಪನ್ಯಾಸಕರ ಉಪದೇಶ. ಕಾಮ್ ಡೌನ್, ಸೆಟ್ಲ್ ಡೌನ್, ಸ್ಲೋ ಡೌನ್, ಡೈ ಡೌನ್, ಇವು ಡೌನ್‌ನ ಮನೆಯವರು. ಎದ್ದದ್ದು ಕೂಡುತ್ತದೆ, ಓಡಿದ್ದು ನಿಧಾನಿಸುತ್ತದೆ, ಏರಿದ್ದು ತನ್ನ ನೆಲೆಗೆ ಬರುತ್ತದೆ. ವೇರ್ ಆಫ್, ಡ್ರಾಪ್ ಆಫ್, ಕಟ್ ಆಫ್, ಇವು ಆಫ್‌ನ ಮನೆಯವರು. ಇಲ್ಲಿ ಇದ್ದದ್ದು ಕಳಚಿಕೊಳ್ಳುತ್ತದೆ, ದೂರವಾಗುತ್ತದೆ. ಸೆಖೆಗೆ ಹೊಳೆಯಲ್ಲಿ ಮುಳುಗಿ ಬಂದರೆ ಕೂಲ್ ಆಫ್ ಎಂದರೂ ನಡೆಯುತ್ತದೆ, ಕೂಲ್ ಡೌನ್ ಎಂದರೂ ನಡೆಯುತ್ತದೆ. ಆದರೆ ಎರಡೂ ಎಲ್ಲ ಕಡೆ ಅದಲುಬದಲಾಗುವುದಿಲ್ಲ. ಓಟಗಾರ ಮಾಡುವುದು ಕೂಲ್ ಡೌನ್ ಮಾತ್ರ. ನ್ಯಾಯಾಲಯ ಕೊಡುವ ಗಡುವು ಕೂಲಿಂಗ್ ಆಫ್ ಮಾತ್ರ. ಯಾಕೆ ಹೀಗೆ ಎಂಬುದಕ್ಕೆ ನಿಘಂಟು ಉದಾಹರಣೆ ಕೊಟ್ಟು ಸುಮ್ಮನಾಗುತ್ತದೆ. ಉತ್ತರ ನನಗೆ ಸಿಕ್ಕಿದ್ದು ಊರಿನ ಜನರ ಹತ್ತಿರ.

ಮೊದಲ ಉತ್ತರ ಬಂದದ್ದು ಶಕ್ತಿನಗರದಿಂದ. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಅಲ್ಲಿದೆ, ಕೃಷ್ಣಾ ನದಿಯ ದಂಡೆಗೆ. 1985ರಲ್ಲಿ ಮೊದಲ ಘಟಕ ಶುರುವಾಗಿ, ಮುಂದೆ ಎಂಟು ಘಟಕಗಳ, ಒಟ್ಟು 1,720 ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರವಾಗಿ ಬೆಳೆಯಿತು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಟರ್ಬೈನ್ ವಿಭಾಗದಲ್ಲಿ ಆಪರೇಟರ್. ಮಗನ ಅಂಕಪಟ್ಟಿಗೆ ಸಹಿ ಹಾಕಲು ಬಂದವರು ಬೋರ್ಡಿನ ಮೇಲಿದ್ದ ಕೂಲ್ ಡೌನ್ ನೋಡಿ ನಿಂತರು. “ಸರ, ಈ ಶಬ್ದ ನಮಗ ದಿನಾ ಬೇಕು” ಎಂದರು. ಕೂತು ಮಾತಾಡೋಣ ಎಂದೆ. ಆ ಸಂಜೆ ಅವರು ಹೇಳಿದ್ದು ನಾನು ಓದಿದ ಯಾವ ನಿಘಂಟಿನಲ್ಲೂ ಇರಲಿಲ್ಲ.

ಓಡುತ್ತಿರುವ ಟರ್ಬೈನಿಗೆ ಬಾಯ್ಲರಿನಿಂದ ಬರುವ ಉಗಿಯ ಬಿಸಿ 500 ಡಿಗ್ರಿಗೂ ಮೇಲೆ. ರೋಟರ್ ಎಂಬ ಉಕ್ಕಿನ ಭಾರಿ ದಂಡ ನಿಮಿಷಕ್ಕೆ 3,000 ಸುತ್ತು ಸುತ್ತುತ್ತಿರುತ್ತದೆ. ನಮ್ಮ ಮನೆಯ ಕರೆಂಟಿನ 50 ಹರ್ಟ್ಸ್ ಹುಟ್ಟುವುದು ಆ ವೇಗದಿಂದ. ಯಾವುದೋ ಕಾರಣಕ್ಕೆ ಘಟಕ ನಿಲ್ಲಿಸಬೇಕಾಗಿ ಬಂತೆನ್ನಿ. ಉಗಿ ಬಂದ್ ಮಾಡುತ್ತಾರೆ, ರೋಟರಿನ ವೇಗ ಇಳಿಯುತ್ತ ಬರುತ್ತದೆ. ಹೊರಗಿನವರು ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. “ಖರೇ ಕೆಲಸ ಆವಾಗ ಶುರು ಆಗ್ತದ್ರೀ ಸರ” ಎಂದರು ಅವರು. ಕಾದ ರೋಟರನ್ನು ನಿಂತಲ್ಲೇ ಬಿಡುವಂತಿಲ್ಲ. ಕವಚದೊಳಗೆ ಬಿಸಿ ಮೇಲಕ್ಕೇರುತ್ತದೆ, ತಂಪು ಕೆಳಗೆ ಕೂಡುತ್ತದೆ. ದಂಡದ ಮೇಲ್ಭಾಗ ಹೆಚ್ಚು ಬಿಸಿ ಇರುವುದರಿಂದ ಹೆಚ್ಚು ಹಿಗ್ಗುತ್ತದೆ, ಕೆಳಭಾಗ ಕುಗ್ಗುತ್ತದೆ. ದಂಡ ಬಿಲ್ಲಿನಂತೆ ಬಾಗುತ್ತದೆ. ಕಣ್ಣಿಗೆ ಕಾಣದಷ್ಟು ಬಾಗಿದರೂ ಸಾಕು, ಮತ್ತೆ ವೇಗವಾಗಿ ತಿರುಗಿಸಿದಾಗ ಇಡೀ ಯಂತ್ರ ಅದುರುತ್ತದೆ. ಅದಕ್ಕಾಗಿ ರೋಟರ್ ನಿಲ್ಲುವ ಹೊತ್ತಿಗೆ ಬ್ಯಾರಿಂಗ್ ಗೇರ್ ಜೋಡಿಸಿ ಅದನ್ನು ನಿಧಾನವಾಗಿ ತಿರುಗಿಸುತ್ತಲೇ ಇರುತ್ತಾರೆ. ಎಲ್ಲ ಭಾಗಕ್ಕೂ ಬಿಸಿ ತಂಪು ಸಮನಾಗಿ ಹಂಚಿಕೆಯಾಗುತ್ತ, ಲೋಹದ ಉಷ್ಣಾಂಶ ಹೇಳಿದ ಮಟ್ಟಕ್ಕೆ ಬರುವವರೆಗೂ ಇದು ನಡೆಯುತ್ತದೆ. ಕೆಲವೊಮ್ಮೆ ದಿನಗಟ್ಟಲೆ. ಆ ಹೊತ್ತಿನಲ್ಲಿ ಬೇರಿಂಗುಗಳಿಗೆ ಎಣ್ಣೆ ಹರಿಯುವುದು ತಪ್ಪುವಂತಿಲ್ಲ, ಪಾಳಿಯವರು ಮೀಟರಿನ ಮೇಲಿಂದ ಕಣ್ಣು ತೆಗೆಯುವಂತಿಲ್ಲ.

“ಕರೆಂಟ್ ಹುಟ್ಟಂಗಿಲ್ಲ, ಲೆಕ್ಕದಾಗ ಒಂದು ಯೂನಿಟ್ಟೂ ಬರಂಗಿಲ್ಲ. ಆದ್ರೂ ಕಾಯಬೇಕು. ಬಿಸಿ ಇದ್ದಾಗ ಒಂಟಿ ಬಿಟ್ರ ಸೊಟ್ಟ ಆಗ್ತದ” ಎಂದು ಅವರು ಎದ್ದರು. ಮರುದಿನ ಅವರ ಮಗನಿಂದಲೇ ಈ ಮಾತನ್ನು ತರಗತಿಗೆ ಹೇಳಿಸಿದೆ. ಡೌನ್ ಎಂಬುದರ ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ, ಇಳಿಸುವವರು ಜೊತೆಗಿದ್ದು ನೋಡಿಕೊಳ್ಳುವ ಅರ್ಥವಿದೆ ಎಂಬುದು ಮಕ್ಕಳಿಗೆ ಆ ದಿನ ಸ್ಪಷ್ಟವಾಯಿತು.

ಎರಡನೆಯ ಉತ್ತರ ಮೈದಾನದಲ್ಲಿ ಸಿಕ್ಕಿತು. ನಮ್ಮ ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು ಹೆಚ್ಚು ಮಾತಿನವರಲ್ಲ. ಜಿಲ್ಲಾ ಮಟ್ಟದ ಕ್ರೀಡಾಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನೂ ಜೊತೆಗಿದ್ದೆ. ಎಂಟುನೂರು ಮೀಟರ್ ಓಟದಲ್ಲಿ ನಮ್ಮ ಹುಡುಗಿ ಗೆರೆ ದಾಟಿದವಳೇ ಅಲ್ಲೇ ಕುಸಿದು ಕೂರಲು ಹೋದಳು. ಮೇಷ್ಟ್ರು ಓಡಿ ಹೋಗಿ ರಟ್ಟೆ ಹಿಡಿದು ಎಬ್ಬಿಸಿದರು. “ಕುಂದ್ರಬ್ಯಾಡವ್ವ, ನಡಿ. ಉಸುರು ಬಿಡು, ನಡಿ.” ಅವಳ ಜೊತೆ ತಾವೂ ಅರ್ಧ ಸುತ್ತು ನಡೆದರು. ಗೆದ್ದವರ ಫೋಟೊ ತೆಗೆಯುವವರು ಕಾಯುತ್ತಿದ್ದರು. ಮೇಷ್ಟ್ರು ಅತ್ತ ನೋಡಲೇ ಇಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಕಾರಣ ಹೇಳಿದರು. ಓಡುವಾಗ ಕಾಲಿಗೆ ಬಹಳ ರಕ್ತ ಹರಿದುಬರುತ್ತದೆ. ಅದನ್ನು ಮತ್ತೆ ಎದೆಯ ಕಡೆಗೆ ಮೇಲೆ ಕಳಿಸಲು ಮೀನಖಂಡದ ಸ್ನಾಯುಗಳು ಹಿಂಡುತ್ತ ನೆರವಾಗುತ್ತವೆ. ಓಟ ತಟ್ಟನೆ ನಿಂತರೆ ಆ ಹಿಂಡುವಿಕೆಯೂ ನಿಲ್ಲುತ್ತದೆ, ರಕ್ತ ಕಾಲಲ್ಲೇ ತಂಗುತ್ತದೆ, ಮೆದುಳಿಗೆ ಸಾಲದಾಗಿ ತಲೆ ತಿರುಗುತ್ತದೆ. ಕೆಲವರು ಪ್ರಜ್ಞೆ ತಪ್ಪಿ ಬೀಳುವುದೂ ಉಂಟು. ನಡೆಯುತ್ತ ಇದ್ದರೆ ಹೃದಯದ ಬಡಿತ ಮೆಲ್ಲಗೆ ತನ್ನ ಮಾಮೂಲಿಗೆ ಬರುತ್ತದೆ. ಕೂಲ್ ಡೌನ್ ಮಾಡಿದರೆ ಮರುದಿನ ಮೈಕೈ ನೋವು ಬರುವುದಿಲ್ಲ ಎಂದು ಎಷ್ಟೋ ತರಬೇತುದಾರರು ಹೇಳುವುದುಂಟು. ಅದಕ್ಕೆ ಸಂಶೋಧನೆಯ ಗಟ್ಟಿ ಬೆಂಬಲವಿಲ್ಲ. ನಮ್ಮ ಮೇಷ್ಟ್ರು ಆ ಮಾತು ಹೇಳಲಿಲ್ಲ. “ಓಡಿದ ಮಗಿನ್ನ ಹಂಗ ಬಿಡಬಾರದ್ರಿ, ಅಷ್ಟ” ಎಂದರು. ಫುಟ್‌ಬಾಲಿನಲ್ಲಿ ಈ ಕಾಳಜಿ ನಿಯಮವಾಗಿಯೇ ಬಂತು: 2014ರ ವಿಶ್ವಕಪ್‌ನಲ್ಲಿ ಬ್ರೆಜಿಲ್‌ನ ಫೋರ್ಟಲೇಜಾದಲ್ಲಿ ನೆದರ್ಲೆಂಡ್ಸ್ ಮತ್ತು ಮೆಕ್ಸಿಕೊ ಆಡುವಾಗ ಸೆಖೆಯ ಕಾರಣಕ್ಕೆ ಆಟ ನಿಲ್ಲಿಸಿ ಕೂಲಿಂಗ್ ಬ್ರೇಕ್ ಕೊಟ್ಟದ್ದನ್ನು ಟಿವಿಯಲ್ಲಿ ನೋಡಿದಾಗ ನನಗೆ ನಮ್ಮ ಮೇಷ್ಟ್ರ ನೆನಪಾಯಿತು.

ಆಫ್‌ನ ಅರ್ಥ ತಿಳಿಯಲು ಹೆಚ್ಚು ವರ್ಷ ಹಿಡಿಯಿತು. ಅದು ಸಂತೋಷದ ದಾರಿಯಿಂದ ಬರಲಿಲ್ಲ.

ತರಬೇತಿಯ ದಿನಗಳಲ್ಲಿ ನನಗೊಬ್ಬ ಆಪ್ತ ಗೆಳೆಯನಿದ್ದ, ಘಟ್ಟದ ಕೆಳಗಿನವನು. ಊರಿಗೆ ಮರಳಿದ ಮೇಲೂ ಪತ್ರ ಬರೆದುಕೊಳ್ಳುತ್ತಿದ್ದೆವು. ಇನ್‌ಲ್ಯಾಂಡ್ ಪತ್ರದ ಮಡಿಕೆಯ ಅಂಚಿನವರೆಗೂ ಅವನ ಅಕ್ಷರ ತುಂಬಿರುತ್ತಿತ್ತು. ಜಗಳ ಆಗಲಿಲ್ಲ, ಮನಸ್ತಾಪ ಬರಲಿಲ್ಲ. ಪತ್ರ ಚಿಕ್ಕದಾಯಿತು, ಆಮೇಲೆ ಹಬ್ಬಕ್ಕೊಂದಾಯಿತು, ಆಮೇಲೆ ನಿಂತಿತು. ಅದನ್ನು ಇಂಗ್ಲಿಷಿನವರು ಕೂಲ್ ಆಫ್ ಎನ್ನುತ್ತಾರೆ. ಪ್ರೀತಿ, ಸ್ನೇಹ, ಉತ್ಸಾಹ ಇವುಗಳ ಕಾವು ಕಳಚಿಹೋಗುವುದಕ್ಕೆ ಆ ಪದ. ಸಿಟ್ಟಿನ ಕಾವು ಹೋಗಲಿ ಎಂದು ಬಯಸುವ ನಾವು ಸ್ನೇಹದ ಕಾವು ಹೋಗುವಾಗ ಅದನ್ನು ಗಮನಿಸುವುದೇ ಇಲ್ಲ. ಸಿಟ್ಟಿಗೆ ಬೇಕಾದ ದೂರ ಸ್ನೇಹಕ್ಕೆ ಬೇಡ. ಸ್ನೇಹಕ್ಕೆ ಆಗಾಗ ಒಂದು ಕಾರ್ಡು, ಒಂದು ಫೋನು, ಒಂದು ಭೇಟಿ ಬೇಕೇ ಬೇಕು. ಇದನ್ನು ನಾನು ತರಗತಿಯಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದೆ. ಹದಿನೇಳರ ವಯಸ್ಸಿನವರು ಅಂಥ ಮಾತನ್ನು ಗಂಭೀರವಾಗಿಯೇ ಕೇಳುತ್ತಾರೆ.

ದೂರದಿಂದ ಒಳಿತಾಗುವ ಸಂದರ್ಭಗಳೂ ಇವೆ. ಅಂಥ ಕಡೆ ಕಾನೂನು ಈ ಪದವನ್ನು ತನ್ನದಾಗಿಸಿಕೊಂಡಿದೆ. ಅಮೆರಿಕದಲ್ಲಿ 1947ರ ಟಾಫ್ಟ್–ಹಾರ್ಟ್ಲಿ ಕಾಯ್ದೆ, ದೇಶಕ್ಕೆ ಆಪತ್ತು ತರಬಹುದಾದ ಮುಷ್ಕರವನ್ನು ನ್ಯಾಯಾಲಯದ ಮೂಲಕ 80 ದಿನ ತಡೆಹಿಡಿಯಲು ಅವಕಾಶ ಕೊಟ್ಟಿತು. ಎರಡೂ ಪಕ್ಷ ತಣ್ಣಗಾಗಿ ಮಾತಿಗೆ ಕೂಡಲಿ ಎಂಬ ಉದ್ದೇಶ. ಮನೆ ಬಾಗಿಲಿಗೆ ಬಂದ ಮಾರಾಟಗಾರನ ಮಾತಿಗೆ ಮರುಳಾಗಿ ಕೊಂಡದ್ದನ್ನು ಮೂರು ವ್ಯವಹಾರದ ದಿನಗಳೊಳಗೆ ರದ್ದು ಮಾಡಬಹುದು ಎಂದು ಅಲ್ಲಿನ ಕೇಂದ್ರ ವ್ಯಾಪಾರ ಆಯೋಗದ ನಿಯಮ ಹೇಳುತ್ತದೆ. ಅದರ ಹೆಸರೇ ಕೂಲಿಂಗ್ ಆಫ್ ರೂಲ್. ನಮ್ಮಲ್ಲಿ ವಿಮಾ ಪಾಲಿಸಿಗೆ ಇರುವ 30 ದಿನಗಳ ಫ್ರೀ ಲುಕ್ ಅವಧಿಯೂ ಇದೇ ಜಾತಿಯದು. ಸ್ಟಾಫ್ ರೂಮಿನಲ್ಲಿ ಏಜೆಂಟರ ಮಾತಿನ ಬಿಸಿಗೆ ಸಹಿ ಹಾಕಿದ ಸಹೋದ್ಯೋಗಿಗಳಿಗೆ, ಪಾಲಿಸಿ ಕೈಗೆ ಬಂದ ಮೇಲೆ ಮನೆಯಲ್ಲಿ ಕೂತು ಒಂದೊಂದು ಸಾಲೂ ಓದಿ ಎಂದು ನಾನು ಹೇಳುತ್ತಿದ್ದೆ. ಓದಲೆಂದೇ ಕಾನೂನು ಆ ದಿನಗಳನ್ನು ಕೊಟ್ಟಿದೆ.

ಆದರೆ ಕೂಲಿಂಗ್ ಆಫ್ ಎಂಬ ಮಾತಿನ ಭಾರ ನನಗೆ ತಟ್ಟಿದ್ದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಕೆಲಸಕ್ಕೆ ಸೇರಿ, ಮದುವೆಯಾಗಿ, ದೂರದ ಊರಿನಲ್ಲಿದ್ದವಳು ಒಂದು ಮಧ್ಯಾಹ್ನ ಮನೆಗೆ ಬಂದಳು. ಗಂಡ ಹೆಂಡತಿ ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಅರ್ಜಿ ಹಾಕಿದ್ದರು. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಸೇರಿಸಿದ 13ಬಿ ಕಲಮಿನ ಪ್ರಕಾರ, ಕನಿಷ್ಠ ಒಂದು ವರ್ಷ ಬೇರೆಯಾಗಿ ಬಾಳಿದ ಮೇಲೆ ಜೋಡಿ ಅರ್ಜಿ ಹಾಕಬೇಕು. ಹಾಕಿದ ಮೇಲೆ ಆರು ತಿಂಗಳು ಕಾದು, ಹದಿನೆಂಟು ತಿಂಗಳು ಮೀರುವುದರೊಳಗೆ ಇಬ್ಬರೂ ಮತ್ತೆ ಬಂದು ಬೇಡಿಕೆ ಇಡಬೇಕು. ಕಲಮಿನೊಳಗೆ ಕೂಲಿಂಗ್ ಆಫ್ ಎಂಬ ಪದವಿಲ್ಲ; ಕೋರ್ಟಿನ ಆವರಣದಲ್ಲಿ ಎಲ್ಲರ ಬಾಯಲ್ಲೂ ಇರುವುದು ಅದೇ. ಹುಡುಗಿ ನನ್ನೆದುರು ಕೂತು ಕೇಳಿದಳು: “ಸರ, ನೀವ ಕಲಿಸಿದ ಶಬ್ದ ಅದು. ನಾವಿಬ್ರೂ ತಣ್ಣಗಾಗಿ ಮೂರು ವರ್ಷ ಆತು. ಸಿಟ್ಟೂ ಇಲ್ಲ, ಏನೂ ಇಲ್ಲ. ಇನ್ನ ಆರು ತಿಂಗಳು ಏನು ತಣ್ಣಗಾಗೋದ್ರಿ?”

ಅವಳಿಗೆ ಕೊಡಲು ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ವಕೀಲನಾಗಿದ್ದ ಅವಳ ಸಹಪಾಠಿಯನ್ನೇ ಕರೆಸಿದೆ. ಅವನು 2017ರ ಅಮರ್‌ದೀಪ್ ಸಿಂಗ್–ಹರ್ವೀನ್ ಕೌರ್ ಪ್ರಕರಣದ ತೀರ್ಪನ್ನು ಬಿಡಿಸಿ ಹೇಳಿದ. ಆರು ತಿಂಗಳ ಗಡುವು ಕಡ್ಡಾಯವಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿದೆ. ಅರ್ಜಿ ಹಾಕುವ ಮೊದಲೇ ಸಾಕಷ್ಟು ಕಾಲ ಬೇರೆಯಾಗಿದ್ದರೆ, ಸಂಧಾನದ ಪ್ರಯತ್ನಗಳೆಲ್ಲ ಸೋತಿದ್ದರೆ, ಜೀವನಾಂಶ, ಮಕ್ಕಳ ಪಾಲನೆ ಇತ್ಯಾದಿ ಇತ್ಯರ್ಥವಾಗಿದ್ದರೆ, ಕಾಯುವುದರಿಂದ ಸಂಕಟ ಲಂಬಿಸುವುದಷ್ಟೇ ಆಗಿದ್ದರೆ, ಕೌಟುಂಬಿಕ ನ್ಯಾಯಾಲಯ ಆ ಗಡುವನ್ನು ಕೈಬಿಡಬಹುದು. 2023ರಲ್ಲಿ ಸಂವಿಧಾನ ಪೀಠ ಇನ್ನೂ ಮುಂದೆ ಹೋಗಿ, ಸಂವಿಧಾನದ 142ನೇ ವಿಧಿಯ ಅಧಿಕಾರ ಬಳಸಿ ಸುಪ್ರೀಂ ಕೋರ್ಟೇ ನೇರವಾಗಿ ವಿಚ್ಛೇದನ ಕೊಡಬಹುದು ಎಂದು ತೀರ್ಮಾನಿಸಿತು. ಹುಡುಗಿ ಕೇಳಿಸಿಕೊಂಡು ಹಗುರಾಗಿ ಎದ್ದಳು.

ಆ ಗಡುವನ್ನು ಇಟ್ಟವರ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಬಿಸಿಯಲ್ಲಿ ಕೈಗೊಂಡ ನಿರ್ಧಾರದಿಂದ ಎಷ್ಟೋ ಮನೆಗಳು ಒಡೆದದ್ದನ್ನು ಕಂಡಿದ್ದೇನೆ. ಕಾಲಾವಕಾಶ ಸಿಕ್ಕು ಉಳಿದ ಮನೆಗಳನ್ನೂ ಕಂಡಿದ್ದೇನೆ. ಆದರೆ ಕಾವಿದೆಯೋ ಇಲ್ಲವೋ ಎಂದು ಮುಟ್ಟಿ ನೋಡದೆ ಎಲ್ಲರಿಗೂ ಒಂದೇ ಅಳತೆಯ ಕಾಲ ಕೊಟ್ಟರೆ, ಈಗಾಗಲೇ ತಣ್ಣಗಾದವರಿಗೆ ಅದು ಶಿಕ್ಷೆ. ಆಪರೇಟರ್ ಮೀಟರ್ ನೋಡುತ್ತಾರೆ, ಪಿ.ಟಿ. ಮೇಷ್ಟ್ರು ಹುಡುಗಿಯ ಮುಖ ನೋಡುತ್ತಾರೆ. ನ್ಯಾಯಾಧೀಶರು ಎದುರು ನಿಂತ ಇಬ್ಬರನ್ನು ನೋಡಿ ನಿರ್ಧರಿಸಲಿ ಎಂದು ಆ ತೀರ್ಪು ಹೇಳಿದೆ. ಅದು ನನಗೆ ಬಹಳ ಸರಿ ಎನ್ನಿಸಿತು.

ಇನ್ನು ಈ ಪದದ ಅತ್ಯಂತ ಸಾಮಾನ್ಯ ಬಳಕೆ: ಸಿಟ್ಟಿನವರಿಗೆ ಹೇಳುವ ‘ಕೂಲ್ ಡೌನ್’. ಈಗ ಇದು ಕನ್ನಡದ್ದೇ ಮಾತು ಎನ್ನುವಷ್ಟು ಬಳಕೆಯಾಗಿದೆ. ಸಿಂಧನೂರಿನಿಂದ ರಾಯಚೂರಿಗೆ ಬರುತ್ತಿದ್ದ ಬಸ್ಸಿನಲ್ಲಿ ಒಂದು ಸಲ ಸೀಟಿನ ಸಲುವಾಗಿ ಜಗಳ ಎದ್ದಿತು. ಮಧ್ಯಾಹ್ನದ ಬಿಸಿಲು, ಕಾಲಿಡಲು ಜಾಗವಿಲ್ಲ. ವಯಸ್ಸಾದ ರೈತರೊಬ್ಬರು ಟವೆಲ್ ಹಾಕಿ ಹಿಡಿದಿದ್ದ ಸೀಟಿನಲ್ಲಿ ಇನ್ಯಾರೋ ಕೂತಿದ್ದರು. ದನಿ ಏರಿತು. ಹಿಂದಿನ ಸೀಟಿನ ತರುಣನೊಬ್ಬ ಒಳ್ಳೆಯ ಮನಸ್ಸಿನಿಂದಲೇ, “ಕೂಲ್ ಡೌನ್ ಅಜ್ಜಾರ, ಕೂಲ್ ಡೌನ್” ಎಂದ. ಅಲ್ಲಿಯವರೆಗೆ ಸೀಟಿನ ಮೇಲಿದ್ದ ಸಿಟ್ಟು ಆ ತರುಣನ ಮೇಲೆ ತಿರುಗಿತು. “ನಂಗ ಬುದ್ಧಿ ಹೇಳಾಕ ಬಂದೇನು? ಮುಂಜಾನಿಂದ ದವಾಖಾನಿ ಮುಂದ ನಿಂತೀನಿ, ನಿನಗೇನ್ ಗೊತ್ತೈತಿ?”

ಕಂಡಕ್ಟರ್ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ಯಾರದು ಸರಿ, ಯಾರದು ತಪ್ಪು ಎಂದು ಕೇಳಲಿಲ್ಲ. ತಮ್ಮ ಸೀಟಿನಿಂದ ಟಿಕೆಟ್ ಪೆಟ್ಟಿಗೆ ಎತ್ತಿಟ್ಟು, “ಇಲ್ಲಿ ಕಿಡಕಿ ಪಕ್ಕ ಬರ್ರಿ ಕಾಕಾ” ಎಂದು ಕೂಡಿಸಿದರು. ನೀರಿನ ಬಾಟಲಿ ಕೊಟ್ಟರು. ಮುದುಕರು ಕುಡಿದು ಮುಗಿಸುವವರೆಗೆ ಪಕ್ಕದಲ್ಲೇ ನಿಂತು, “ಯಾರನ್ನ ದವಾಖಾನಿಗೆ ತೋರ್ಸಿದ್ರಿ?” ಎಂದು ಕೇಳಿದರು. ಹೆಂಡತಿಯನ್ನು ದಾಖಲು ಮಾಡಿ ಬಂದಿದ್ದರು. ದುಡ್ಡು ತರಲು ರಾಯಚೂರಿನ ಮಗಳ ಮನೆಗೆ ಹೊರಟಿದ್ದರು. ಬಸ್ಸು ಮಾನ್ವಿ ಮುಟ್ಟುವ ಹೊತ್ತಿಗೆ ಸೀಟಿನಲ್ಲಿ ಕೂತಿದ್ದವನೇ ಎದ್ದು ಬಂದು, ಯಾವ ದವಾಖಾನೆ, ಯಾವ ಡಾಕ್ಟರ್ ಎಂದು ವಿಚಾರಿಸುತ್ತಿದ್ದ.

ಆ ತರುಣನ ಬಾಯಲ್ಲಿ ಬಂದ ಇಂಗ್ಲಿಷಿನಲ್ಲಿ ವ್ಯಾಕರಣದ ಕೊರತೆ ಇರಲಿಲ್ಲ. ಆಜ್ಞಾರ್ಥದಲ್ಲಿ ಆ ಪದವನ್ನು ಎಲ್ಲ ನಿಘಂಟೂ ಒಪ್ಪುತ್ತದೆ. ಆದರೆ ಸಿಟ್ಟಿನಲ್ಲಿರುವವನಿಗೆ ಅದನ್ನು ಹೇಳಿದಾಗ, ನಿನ್ನ ಕಾವು ನಿನ್ನ ಹೊಣೆ, ನೀನೇ ಇಳಿಸಿಕೋ ಎಂದು ಹೇಳಿದಂತಾಗುತ್ತದೆ. ಅವನ ಸಿಟ್ಟಿಗೊಂದು ಕಾರಣವಿರಬಹುದು ಎಂಬುದನ್ನೇ ಆ ಮಾತು ಮರೆಸುತ್ತದೆ. ಆಜ್ಞೆಯಿಂದ ಕಾವು ಇಳಿದದ್ದನ್ನು ನಾನು ಎಲ್ಲಿಯೂ ಕಾಣಲಿಲ್ಲ. ನೀರು, ಗಾಳಿ, ಜಾಗ, ಸಮಯ, ಪಕ್ಕದಲ್ಲೊಬ್ಬ ಮನುಷ್ಯ, ಇವುಗಳಿಂದ ಇಳಿದದ್ದನ್ನು ಕಂಡಿದ್ದೇನೆ.

ಇದನ್ನು ತಿಳಿದ ಮೇಲೆ ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿ ತಂದೆವು. ಹುಡುಗರಿಬ್ಬರು ಹೊಡೆದಾಡಿಕೊಂಡರೆ ಆ ಕ್ಷಣವೇ ಪ್ರಾಂಶುಪಾಲರ ಕೋಣೆಗೆ ಎಳೆದುಕೊಂಡು ಹೋಗುವುದು ಹಿಂದಿನ ರೂಢಿ. ಅಲ್ಲಿ ಮೈ ನಡುಗುತ್ತಿರುವಾಗಲೇ ವಿಚಾರಣೆ, ಅಲ್ಲೇ ಕ್ಷಮೆ ಕೇಳಿಸುವುದು. ಹಾಗೆ ಕೇಳಿಸಿದ ಕ್ಷಮೆ ಗೇಟಿನ ಹೊರಗೆ ಮತ್ತೆ ಹೊಡೆದಾಟವಾಗುತ್ತಿತ್ತು. ಪಿ.ಟಿ. ಮೇಷ್ಟ್ರು ಮತ್ತು ನಾನು ಅವರನ್ನು ಬೇರೆ ಬೇರೆ ಮಾಡಿ, ಒಬ್ಬೊಬ್ಬರ ಜೊತೆ ಒಬ್ಬೊಬ್ಬ ಮೇಷ್ಟ್ರಂತೆ ಮೈದಾನದ ಸುತ್ತ ನಡೆಸತೊಡಗಿದೆವು. ಮೊದಲ ಸುತ್ತಿನಲ್ಲಿ ಹುಡುಗ ಎದುರಾಳಿಯನ್ನು ಬಯ್ಯುತ್ತಾನೆ. ಬಯ್ಯಲಿ ಎಂದು ಬಿಡಬೇಕು. ಎರಡನೆಯ ಸುತ್ತಿನಲ್ಲಿ ನಡೆದದ್ದನ್ನು ಹೇಳುತ್ತಾನೆ. ಆಮೇಲೆ ತಾನು ಮಾಡಿದ್ದನ್ನೂ ಹೇಳುತ್ತಾನೆ. ವಿಚಾರಣೆ ಮರುದಿನಕ್ಕೆ. ಶಿಕ್ಷೆ ಕೊಡಬೇಕಾದಲ್ಲಿ ಕೊಟ್ಟಿದ್ದೇವೆ. ಆದರೆ ಶಿಕ್ಷೆ ಯಾಕೆ ಎಂಬುದು ಹುಡುಗನಿಗೆ ಅರ್ಥವಾದ ಮೇಲೆ ಕೊಟ್ಟಿದ್ದೇವೆ. ಮನೆಯವರನ್ನು ಕರೆಸಿದಾಗಲೂ ಇದೇ ಕ್ರಮ. ಮಗನ ಮೇಲೆ ಕೈ ಎತ್ತಲು ಬಂದ ತಂದೆಗೆ ಮೊದಲು ಕುರ್ಚಿ, ನೀರು, ಚಹಾ. ಮಾತು ಆಮೇಲೆ.

ಇದಕ್ಕೆ ದುಡ್ಡು ಬೇಡ, ಸುತ್ತೋಲೆ ಬೇಡ. ಒಬ್ಬ ಮೇಷ್ಟ್ರು ತನ್ನ ಖಾಲಿ ಪಿರಿಯಡ್ ಅನ್ನು ಒಬ್ಬ ಹುಡುಗನಿಗಾಗಿ ಕೊಡಬೇಕು, ಅಷ್ಟೇ. ಈಗ ಪಾಠ ಮಾಡುತ್ತಿರುವ ಕಿರಿಯ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟು: ಕೂಲ್ ಡೌನ್ ಪಾಠ ಬಂದಾಗ ಬಿಟ್ಟ ಸ್ಥಳ ತುಂಬಿಸಿ ಮುಂದೆ ಹೋಗಬೇಡಿ. ನಿಮ್ಮೂರಿನ ಕುಂಬಾರರನ್ನೋ, ಕಾರ್ಖಾನೆಯ ಕಾರ್ಮಿಕರನ್ನೋ, ನರ್ಸಮ್ಮನನ್ನೋ, ಕಂಡಕ್ಟರನ್ನೋ ತರಗತಿಗೆ ಕರೆಯಿರಿ. ಅವರ ಕೆಲಸದಲ್ಲಿ ಕಾವನ್ನು ಹೇಗೆ ಇಳಿಸುತ್ತಾರೆ ಎಂದು ಮಕ್ಕಳೇ ಕೇಳಲಿ, ಉತ್ತರವನ್ನು ತಮ್ಮ ಇಂಗ್ಲಿಷಿನಲ್ಲಿ ಬರೆಯಲಿ. ಪರೀಕ್ಷೆಯಲ್ಲಿ ಒಂದು ಅಂಕ ಬರುತ್ತದೆ. ಮುಂದೆ ಯಾರದೋ ಸಿಟ್ಟಿನ ಎದುರು, ಯಾರದೋ ಸಂಕಟದ ಎದುರು ನಿಂತಾಗ ಏನು ಮಾಡಬೇಕೆಂಬುದೂ ಆ ಮಕ್ಕಳಿಗೆ ಗೊತ್ತಿರುತ್ತದೆ.